ಇಳುವರಿ ಕೆಡದಂತೆ ಮುಳುಗಡೆ ತಡೆಯುವ ಗುಣ: ಸ್ವರ್ಣ-ಸಬ್1 ಭತ್ತದ ಪ್ರಕರಣ

ನೆರೆ ಇಳಿದ ಮಾರನೇ ದಿನ ಗದ್ದೆಗೆ ಹೋದರೆ ಎಲ್ಲಾ ಪೈರೂ ಒಂದೇ ಥರ ಕಾಣುತ್ತದೆ. ಹತ್ತು ಹನ್ನೆರಡು ದಿನ ನೀರಿನಡಿ ಇದ್ದ ಗರಿಗಳ ಮೇಲೆ ಕೆಸರು ಮೆತ್ತಿಕೊಂಡಿರುತ್ತದೆ. ಎಲ್ಲವೂ ನೆಲಕ್ಕೆ ಅಂಟಿ ಮಲಗಿರುತ್ತವೆ. ಯಾವುದು ಸತ್ತಿದೆ, ಯಾವುದಕ್ಕೆ ಜೀವ ಇದೆ ಅಂತ ಬದುವಿನ ಮೇಲೆ ನಿಂತು ಹೇಳೋಕಾಗುವುದಿಲ್ಲ. ಬಗ್ಗಿ ಬುಡ ಮುಟ್ಟಿ ನೋಡಬೇಕು. ಬೆರಳಲ್ಲಿ ಒತ್ತಿದಾಗ ಬುಡ ಮೆತ್ತಗಾಗಿ ಕಿವುಚಿಕೊಂಡರೆ ಆ ಗಿಡ ಮುಗಿಯಿತು. ಬುಡ ಗಟ್ಟಿಯಾಗಿದ್ದು, ಉಗುರಲ್ಲಿ ಸೀಳಿದಾಗ ಒಳಗೆ ತಿಳಿ ಹಸಿರು ಕಂಡರೆ ಇನ್ನೂ ಆಸೆ ಇದೆ. ಒಂದು ವಾರ ಕಾದರೆ ಅಲ್ಲಿಂದಲೇ ಹೊಸ ಗರಿ ಏಳುತ್ತದೆ.

ಸ್ವರ್ಣ ತಳಿಯ ಗದ್ದೆಯಲ್ಲಿ ಹೆಚ್ಚಾಗಿ ಸಿಗುವುದು ಮೆತ್ತಗಿನ ಬುಡ. ಅದೇ ಸ್ವರ್ಣಕ್ಕೆ ಮುಳುಗಡೆ ತಡೆಯುವ ಗುಣ ಸೇರಿಸಿ ಮಾಡಿದ ಸ್ವರ್ಣ-ಸಬ್1 ಗದ್ದೆಯಲ್ಲಿ ಗಟ್ಟಿ ಬುಡ. ನೆರೆ ಬಾರದ ವರ್ಷ ಎರಡನ್ನೂ ಅಕ್ಕಪಕ್ಕ ಬೆಳೆದರೆ ಎತ್ತರ, ತೆಂಡೆ (ಬುಡದಿಂದ ಒಡೆಯುವ ಕವಲು), ತೆನೆ, ಅಕ್ಕಿ ಎಲ್ಲವೂ ಹೆಚ್ಚುಕಮ್ಮಿ ಒಂದೇ. ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡನೇ ಮಾತು. ನೆರೆ ತಡೆಯುವ ಭತ್ತ ನಮ್ಮ ದೇಶದಲ್ಲಿ ಮೊದಲಿಂದಲೂ ಇತ್ತು. ಆ ಗುಣವನ್ನು ತಂದು, ಇಳುವರಿಗೆ ಒಂದಿಷ್ಟೂ ಪೆಟ್ಟು ಬೀಳದ ಹಾಗೆ ಸೇರಿಸುವುದು ಮಾತ್ರ ದಶಕಗಟ್ಟಲೆ ಆಗಿರಲಿಲ್ಲ.

ಸ್ವರ್ಣ ಯಾಕೆ ಮುಳುಗಿ ಸಾಯುತ್ತಿತ್ತು

ಸ್ವರ್ಣ ಹುಟ್ಟಿದ್ದು ಆಂಧ್ರದ ಮಾರುಟೇರು ಸಂಶೋಧನಾ ಕೇಂದ್ರದಲ್ಲಿ. ವಸಿಷ್ಠ ಮತ್ತು ಮಹಸೂರಿ ತಳಿಗಳ ಸಂಕರ. ಬಿಡುಗಡೆಯಾದದ್ದು 1982ರಲ್ಲಿ, ಎಂಟಿಯು 7029 ಎಂಬ ಸಂಖ್ಯೆಯಲ್ಲಿ. ಸುಮಾರು 140-145 ದಿನದ ಬೆಳೆ. ಗಿಡ ಕುಳ್ಳು, ತೆಂಡೆ ಜಾಸ್ತಿ, ಇಳುವರಿ ನಂಬಿಕಸ್ಥ. ಒಡಿಶಾ, ಪಶ್ಚಿಮ ಬಂಗಾಳ, ಬಿಹಾರದ ತಗ್ಗು ಗದ್ದೆಗಳಿಗೆಲ್ಲ ಅದು ಹರಡಿತು. ಮಳೆ ನಂಬಿದ ಆ ಗದ್ದೆಗಳಿಗೆ ಅದು ಚೆನ್ನಾಗಿ ಹೊಂದಿಕೊಂಡಿತು, ನೀರು ಏರುವ ತನಕ.

ಒಡಿಶಾದ ಭದ್ರಕ್, ಬಾಲೇಶ್ವರದಂಥ ಕರಾವಳಿ ಜಿಲ್ಲೆಗಳಲ್ಲಿ ನಾಟಿ ಮುಗಿದ ಮೇಲೆ, ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ನದಿಗಳು ಉಕ್ಕುತ್ತವೆ. ಆಗ ಪೈರು ಇನ್ನೂ ತೆಂಡೆ ಒಡೆಯುವ ಹಂತದಲ್ಲಿರುತ್ತದೆ. ನೀರು ತಲೆಯ ಮೇಲೆ ನಿಲ್ಲುತ್ತದೆ.

ಭತ್ತಕ್ಕೆ ನೀರು ಇಷ್ಟ, ಹಾಗಾದರೆ ಮುಳುಗಿ ಸಾಯುವುದು ಯಾಕೆ? ಬುಡದಲ್ಲಿ ನೀರು ನಿಲ್ಲುವುದಕ್ಕೂ ಇಡೀ ಗಿಡ ಮುಳುಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಗಾಳಿಗಿಂತ ನೀರಿನಲ್ಲಿ ಅನಿಲಗಳು ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತವೆ. ಹಾಗಾಗಿ ಬೇಕಾದ ಆಮ್ಲಜನಕ ಒಳಗೆ ಬರುವುದಿಲ್ಲ. ಗಿಡದಲ್ಲೇ ಹುಟ್ಟುವ ಎಥಿಲೀನ್ ಎಂಬ ಅನಿಲ ಹೊರಗೆ ಹೋಗುವುದೂ ಇಲ್ಲ. ಒಳಗೆ ಸೇರಿಕೊಂಡ ಎಥಿಲೀನ್ ಗಿಡಕ್ಕೆ 'ನೀನು ಮುಳುಗಿದ್ದೀಯ' ಅನ್ನುವ ಸುದ್ದಿ ಕೊಡುತ್ತದೆ. ಆಗ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಕೆಲಸ ಜೋರಾಗುತ್ತದೆ. ಗಿಡ ಉದ್ದಕ್ಕೆ ಎಳೆದುಕೊಳ್ಳುತ್ತಾ ನೀರಿನಿಂದ ತಲೆ ಹೊರಗೆ ಹಾಕಲು ನೋಡುತ್ತದೆ. ಬುಡದಲ್ಲಿ ಕೂಡಿಟ್ಟ ಪಿಷ್ಟ, ಸಕ್ಕರೆ ಎಲ್ಲವನ್ನೂ ಅದಕ್ಕೇ ಸುರಿಯುತ್ತದೆ. ನೀರು ಬೇಗ ಇಳಿದರೆ ಸರಿ. ಹತ್ತು ದಿನ ನಿಂತರೆ ಗಿಡದ ಗಂಟು ಖಾಲಿ. ನೀರು ಇಳಿದಾಗ ಉದ್ದುದ್ದ, ಸಣಕಲು, ಬಿಳಿಚಿಕೊಂಡ ಕಾಂಡ ತನ್ನ ಭಾರ ತಾಳದೆ ಮಲಗುತ್ತದೆ. ಮತ್ತೆ ಚಿಗುರಲು ಒಳಗೆ ಏನೂ ಉಳಿದಿರುವುದಿಲ್ಲ.

ಒಡಿಶಾದ್ದೇ ಹಳೆ ತಳಿ

ಇದಕ್ಕೆ ಮದ್ದು ಸಿಕ್ಕಿದ್ದೂ ಒಡಿಶಾದಲ್ಲೇ. ಅಲ್ಲಿ ಧಳಪುಟಿಯಾ ಎಂಬ ಸ್ಥಳೀಯ ಭತ್ತ ಇತ್ತು. ಅದರಿಂದ ಆರಿಸಿ ತೆಗೆದ ಶುದ್ಧ ತಳಿಗೆ ಎಫ್‌ಆರ್13ಎ ಎಂದು ಹೆಸರಿಟ್ಟರು. ಎಫ್‌ಆರ್ ಅಂದರೆ ಫ್ಲಡ್ ರೆಸಿಸ್ಟೆಂಟ್. 1970ರ ದಶಕದಲ್ಲಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಸಾವಿರಾರು ತಳಿಗಳ ಸಸಿಗಳನ್ನು ತೊಟ್ಟಿಯಲ್ಲಿ ಮುಳುಗಿಸಿ ನೋಡಿದಾಗ ಬದುಕಿ ಉಳಿದ ಬೆರಳೆಣಿಕೆಯ ತಳಿಗಳಲ್ಲಿ ಇದೂ ಒಂದು. ಎರಡು ವಾರ ಪೂರ್ತಿ ಮುಳುಗಿದ್ದರೂ ತಡೆಯುತ್ತಿತ್ತು.

ಆದರೆ ಎಫ್‌ಆರ್13ಎ ಉದ್ದ ಬೆಳೆಯುವ ಹಳೆ ಕಾಲದ ಭತ್ತ. ತೆನೆ ತುಂಬುವಾಗ ಒರಗಿ ಬೀಳುತ್ತದೆ. ಇಳುವರಿ ಕಮ್ಮಿ, ಅಕ್ಕಿಯ ಗುಣವೂ ಅಷ್ಟಕ್ಕಷ್ಟೆ. ಅದನ್ನು ಒಳ್ಳೆ ತಳಿಯ ಜೊತೆ ಸಂಕರ ಮಾಡಿದರೆ ಮುಳುಗಡೆ ತಡೆಯುವ ಗುಣದ ಜೊತೆಗೆ ಈ ಕೆಟ್ಟ ಗುಣಗಳೂ ಬರುತ್ತಿದ್ದವು. ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದ ಹಾಗೆ. ತಳಿ ವಿಜ್ಞಾನಿ ಡೇವಿಡ್ ಮ್ಯಾಕಿಲ್ ಮತ್ತು ಜೊತೆಗಾರರು ವರ್ಷಗಟ್ಟಲೆ ಸಂಕರ ಮಾಡಿ, ಆರಿಸಿ, ಐಆರ್49830 ಎಂಬ ಸಾಲಿನ ಕುಳ್ಳ ಗಿಡಗಳನ್ನು ತೆಗೆದರು. ಮುಳುಗಡೆಯನ್ನೂ ತಡೆಯುತ್ತಿದ್ದವು, ಇಳುವರಿಯೂ ಪರವಾಗಿಲ್ಲ. ಹಾಗಿದ್ದೂ ಅವು ರೈತರ ಗದ್ದೆಯಲ್ಲಿ ನೆಲೆ ಊರಲಿಲ್ಲ. ಪ್ರತಿ ಸೀಮೆಯ ರೈತರಿಗೂ ತಮ್ಮ ನೆಲಕ್ಕೆ ಒಗ್ಗಿದ, ತಮ್ಮ ಬಾಯಿಗೆ ರುಚಿಸುವ, ಮಾರಾಟಕ್ಕೆ ಹೋಗುವ ತಳಿ ಬೇಕು. ಐದು ವರ್ಷಕ್ಕೊಮ್ಮೆ ಬರುವ ನೆರೆಗೆ ಹೆದರಿ, ಉಳಿದ ನಾಲ್ಕು ವರ್ಷ ಕಮ್ಮಿ ಬೆಳೆಯುವ ಭತ್ತ ಹಾಕಿ ಎಂದರೆ ಯಾರು ಹಾಕುತ್ತಾರೆ? ರೈತರ ಲೆಕ್ಕ ಇಲ್ಲಿ ಪೂರ್ತಿ ಸರಿ ಇತ್ತು.

ಇಳುವರಿ ಅಂದರೆ ಒಂದು ಗುಣ ಅಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಷ್ಟ ಎಲ್ಲಿದೆ ಅನ್ನುವುದು ಇಲ್ಲೇ ಅರ್ಥವಾಗುತ್ತದೆ.

ಭತ್ತದ ಇಳುವರಿ ನಾಲ್ಕು ಅಂಕಿಗಳ ಗುಣಲಬ್ಧ. ಒಂದು ಚದರ ಮೀಟರಿನಲ್ಲಿ ಎಷ್ಟು ತೆನೆ. ಒಂದು ತೆನೆಯಲ್ಲಿ ಎಷ್ಟು ಕಾಳು. ಅದರಲ್ಲಿ ಜೊಳ್ಳಾಗದೆ ತುಂಬಿದ್ದು ಎಷ್ಟು ಪಾಲು. ಒಂದೊಂದು ಕಾಳಿನ ತೂಕ ಎಷ್ಟು. ಲೆಕ್ಕ ಹಾಕಿ ನೋಡೋಣ. ಚದರ ಮೀಟರಿಗೆ 300 ತೆನೆ, ತೆನೆಗೆ 100 ತುಂಬಿದ ಕಾಳು, ಸಾವಿರ ಕಾಳಿಗೆ 20 ಗ್ರಾಂ ಎಂದುಕೊಳ್ಳಿ. ಚದರ ಮೀಟರಿಗೆ 600 ಗ್ರಾಂ, ಅಂದರೆ ಹೆಕ್ಟೇರಿಗೆ 6 ಟನ್. ಈಗ ಬೇರೆ ತಳಿಯಿಂದ ತಂದ ಜೀನ್‌ಗಳ ತುಣುಕೊಂದು ತೆನೆಯ ಸಂಖ್ಯೆಯನ್ನೂ ತುಂಬಿದ ಕಾಳನ್ನೂ ಸುಮ್ನೆ ಹತ್ತು ಹತ್ತು ಶೇಕಡಾ ಇಳಿಸಿತು ಅನ್ನಿ. 270 ತೆನೆ, 90 ಕಾಳು. 6 ಟನ್ ಇದ್ದದ್ದು 4.86ಕ್ಕೆ ಬಂತು. ಒಂದೊಂದನ್ನೇ ನೋಡಿದರೆ ಕಣ್ಣಿಗೆ ಬೀಳದಷ್ಟು ಸಣ್ಣ ಇಳಿತ. ಗುಣಿಸಿದಾಗ ಹೆಕ್ಟೇರಿಗೆ ಒಂದು ಟನ್ನಿಗೂ ಜಾಸ್ತಿ ಹೋಯಿತು.

ಈ ನಾಲ್ಕೂ ಸ್ವತಂತ್ರವಾಗಿಲ್ಲ ಅನ್ನುವುದು ಇನ್ನೊಂದು ತೊಡಕು. ತೆಂಡೆ ಜಾಸ್ತಿಯಾದರೆ ತೆನೆ ಚಿಕ್ಕದಾಗುತ್ತದೆ. ತೆನೆಯಲ್ಲಿ ಕಾಳು ಜಾಸ್ತಿಯಾದರೆ ಕೆಳಗಿನ ಕಾಳುಗಳು ಜೊಳ್ಳಾಗುತ್ತವೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಗ್ಗುತ್ತದೆ. ಇವುಗಳ ಹಿಂದಿನ ಜೀನ್‌ಗಳೂ ಹತ್ತಾರು ಕಡೆ ಚದುರಿವೆ. ತೆನೆಯ ಕಾಳಿನ ಸಂಖ್ಯೆ ಹೆಚ್ಚಿಸುವ ಜಿಎನ್1ಎ ಒಂದನೇ ವರ್ಣತಂತುವಿನಲ್ಲಿದೆ. ಕಾಳಿನ ಉದ್ದ ತೀರ್ಮಾನಿಸುವ ಜಿಎಸ್3 ಮೂರನೆಯದರಲ್ಲಿ. ತೆಂಡೆ ಮತ್ತು ತೆನೆಯ ಕವಲನ್ನು ಹಿಡಿತದಲ್ಲಿಡುವ ಐಪಿಎ1 ಎಂಟನೆಯದರಲ್ಲಿ. ಹೂ ಬಿಡುವ ಹೊತ್ತನ್ನೂ ಕಾಳಿನ ಸಂಖ್ಯೆಯನ್ನೂ ಒಟ್ಟಿಗೆ ಅಲ್ಲಾಡಿಸುವ ಜಿಎಚ್‌ಡಿ7 ಏಳನೆಯದರಲ್ಲಿ. ಹೆಸರಿಲ್ಲದ, ಪರಿಣಾಮ ತೀರಾ ಸಣ್ಣದಾದ ಜೀನ್‌ಗಳು ಇದಕ್ಕಿಂತ ಎಷ್ಟೋ ಜಾಸ್ತಿ.

ಕಾಳಿನ ತೂಕ ಸಾಕಷ್ಟು ಸ್ಥಿರವಾದ ಗುಣ. ತಾಯಿ ಗಿಡದ್ದು ನೋಡಿ ಮಕ್ಕಳದ್ದು ಹೇಳಬಹುದು. ಒಟ್ಟು ಇಳುವರಿ ಹಾಗಲ್ಲ. ಗೊಬ್ಬರ, ಬಿಸಿಲು, ಗದ್ದೆಯ ಮೂಲೆ, ಎಲ್ಲವೂ ಅದನ್ನು ಅಲ್ಲಾಡಿಸುತ್ತವೆ. ಒಂದೊಂದು ಗಿಡದ ಇಳುವರಿ ನೋಡಿ ಒಳ್ಳೆ ಜೀನ್ ಇದೆಯೋ ಇಲ್ಲವೋ ಅಂತ ಹೇಳುವುದು ಹೆಚ್ಚುಕಮ್ಮಿ ಕುರುಡಾಟ. ಸ್ವರ್ಣದ ಇಳುವರಿ ಅಂದರೆ ಇಂಥ ನೂರಾರು ಜೀನ್‌ಗಳು ಒಂದಕ್ಕೊಂದು ಹೊಂದಿಕೊಂಡು ಕೂತ ಸಮತೋಲ. ಅದನ್ನು ಬಿಚ್ಚಿದರೆ ಮತ್ತೆ ಜೋಡಿಸುವುದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಉಳಿದದ್ದು ಒಂದೇ ದಾರಿ. ಬಿಚ್ಚದೆ ಇರುವುದು.

ಮುಳುಗಡೆ ತಡೆಯುವ ಗುಣ ಇದಕ್ಕೆ ಪೂರ್ತಿ ಉಲ್ಟಾ ಸ್ವಭಾವದ್ದು ಅಂತ 1996ರಲ್ಲಿ ಗೊತ್ತಾಯಿತು. ಕೆನಾಂಗ್ ಶು ಮತ್ತು ಮ್ಯಾಕಿಲ್, ಈ ಗುಣದ ವ್ಯತ್ಯಾಸದಲ್ಲಿ ಸುಮಾರು 70 ಶೇಕಡಾ ಒಂಬತ್ತನೇ ವರ್ಣತಂತುವಿನ ಒಂದೇ ಜಾಗದಿಂದ ಬರುತ್ತದೆ ಎಂದು ತೋರಿಸಿದರು. ಅದಕ್ಕೆ ಸಬ್1 ಎಂದು ಹೆಸರಿಟ್ಟರು. ಇಳುವರಿ ನೂರು ಕೈಗಳ ಕೆಲಸ. ಇದು ಹೆಚ್ಚುಕಮ್ಮಿ ಒಂದೇ ಕೈಯ ಕೆಲಸ. ಈ ಅದೃಷ್ಟ ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಹತ್ತು ವರ್ಷದ ನಂತರ, 2006ರಲ್ಲಿ ಆ ಜಾಗದ ಒಳಗೇನಿದೆ ಎಂದು ಬಯಲಾಯಿತು. ಶು, ಮ್ಯಾಕಿಲ್, ಪಮೇಲಾ ರೊನಾಲ್ಡ್, ಜೂಲಿಯಾ ಬೈಲಿ-ಸೆರೆಸ್ ಮುಂತಾದವರ ಕೆಲಸ ಅದು. ಅಲ್ಲಿ ಒಂದೇ ಮನೆತನದ ಮೂರು ಜೀನ್‌ಗಳು ಒತ್ತೊತ್ತಾಗಿ ಕೂತಿವೆ: ಸಬ್1ಎ, ಸಬ್1ಬಿ, ಸಬ್1ಸಿ. ನಿಜವಾದ ಕೆಲಸಗಾರ ಸಬ್1ಎ. ಕೆಲವು ತಳಿಗಳಲ್ಲಿ ಅದು ಇಲ್ಲವೇ ಇಲ್ಲ. ಕೆಲವದರಲ್ಲಿ ಇದ್ದರೂ ಬೇರೆ ರೂಪದ್ದು. ತಡೆಯುವ ರೂಪಕ್ಕೂ ತಡೆಯದ ರೂಪಕ್ಕೂ ಪ್ರೋಟೀನಿನ 186ನೇ ಜಾಗದಲ್ಲಿ ಒಂದು ಅಮೈನೋ ಆಮ್ಲದ ವ್ಯತ್ಯಾಸ ಇದೆ. ಜೊತೆಗೆ, ತಡೆಯುವ ರೂಪ ಮುಳುಗಿದಾಗ ಜೋರಾಗಿ ಕೆಲಸ ಶುರುಮಾಡುತ್ತದೆ. ಎಥಿಲೀನ್ ಸುದ್ದಿ ಬಂದ ಕೂಡಲೇ ಅದು ಜಿಬ್ಬರೆಲಿನ್‌ಗೆ ತಡೆ ಹಾಕುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಗಿಡ ಉದ್ದ ಬೆಳೆಯುವುದಿಲ್ಲ. ಪಿಷ್ಟ ಖರ್ಚಾಗುವುದಿಲ್ಲ. ಗರಿಯ ಹಸಿರು ಬೇಗ ಹೋಗುವುದಿಲ್ಲ. ಉಸಿರು ಬಿಗಿಹಿಡಿದು ಕೂತಂತೆ ಗಿಡ ಸುಮ್ಮನಿರುತ್ತದೆ. ಮೊದಲು ಹೇಳಿದೆನಲ್ಲ ಗಟ್ಟಿ ಬುಡ, ಅದು ಈ ಉಳಿತಾಯದ್ದು.

ಕತ್ತರಿಸುವ ಕೆಲಸ

ಮುಂದಿನದು ಬ್ಯಾಕ್‌ಕ್ರಾಸ್. ಸ್ವರ್ಣವನ್ನು ಐಆರ್49830 ಜೊತೆ ಸಂಕರ ಮಾಡುವುದು, ಹುಟ್ಟಿದ್ದನ್ನು ಮತ್ತೆ ಸ್ವರ್ಣಕ್ಕೆ, ಅದರ ಮಕ್ಕಳನ್ನು ಮತ್ತೆ ಸ್ವರ್ಣಕ್ಕೆ.

ಭತ್ತದಲ್ಲಿ ಒಂದು ಸಂಕರ ಅಂದರೆ ಎಷ್ಟು ಸೂಕ್ಷ್ಮ ಕೆಲಸ ಅಂತ ನೋಡಿದವರಿಗೇ ಗೊತ್ತು. ಭತ್ತದ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಅದನ್ನು ತಪ್ಪಿಸಬೇಕು. ಸಂಜೆ ಹೊತ್ತು ಹೊಡೆಯಿಂದ ಹೊರಬಂದ ತೆನೆ ಹಿಡಿದು, ಮರುದಿನ ಅರಳಬೇಕಾದ ಹೂಗಳನ್ನು ಉಳಿಸಿಕೊಂಡು ಉಳಿದದ್ದನ್ನು ಕತ್ತರಿಸುತ್ತಾರೆ. ಒಂದೊಂದು ಹೂವಿನ ಸಿಪ್ಪೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಒಳಗಿನ ಆರೂ ಕೇಸರಗಳನ್ನು ಚಿಮಟದಿಂದಲೋ ಸಣ್ಣ ಹೀರುಗೊಳವೆಯಿಂದಲೋ ತೆಗೆಯುತ್ತಾರೆ. ಒಂದು ಕೇಸರ ಉಳಿದರೂ ಸಂಕರ ಕೆಟ್ಟ ಹಾಗೆ. ತೆನೆಗೆ ತೆಳು ಕಾಗದದ ಚೀಲ ಕಟ್ಟುತ್ತಾರೆ. ಮರುದಿನ ಬಿಸಿಲೇರುವ ಹೊತ್ತಿಗೆ ಇನ್ನೊಂದು ತಳಿಯ ಅರಳಿದ ತೆನೆ ತಂದು ಚೀಲದೊಳಗೆ ಮೆಲ್ಲಗೆ ಕೊಡವುತ್ತಾರೆ. ಇಷ್ಟಾದರೆ ಸಿಗುವುದು ಕೆಲವೇ ಕಾಳು.

ಪ್ರತಿ ಬ್ಯಾಕ್‌ಕ್ರಾಸಿನಲ್ಲಿ ಹೊರಗಿನ ಜೀನ್‌ಗಳ ಪಾಲು ಅರ್ಧಕ್ಕೆ ಇಳಿಯುತ್ತದೆ. ಮೊದಲ ಬಾರಿಗೆ ಸ್ವರ್ಣದ ಪಾಲು ಸರಾಸರಿ 75 ಶೇಕಡಾ, ಎರಡನೇ ಬಾರಿಗೆ 87.5, ಮೂರನೇ ಬಾರಿಗೆ 93.75. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಇದು ಸರಾಸರಿ ಮಾತ್ರ. ಸಬ್1 ಇರುವ ಒಂಬತ್ತನೇ ವರ್ಣತಂತುವಿನ ಕಥೆಯೇ ಬೇರೆ. ಪ್ರತಿ ತಲೆಮಾರಿನಲ್ಲೂ ಸಬ್1 ಇರುವ ಗಿಡವನ್ನೇ ನಾವು ಹುಡುಕಿ ಆರಿಸುತ್ತೇವೆ. ಹಾಗಾಗಿ ಅದರ ಅಕ್ಕಪಕ್ಕದ ಉದ್ದ ತುಂಡು ಕೂಡ ಹಿಂದೆಯೇ ಬರುತ್ತದೆ. ಅದರಲ್ಲಿ ನೂರಾರು ಜೀನ್‌ಗಳಿರಬಹುದು. ಇಳುವರಿ ಇಳಿಸುವ ಯಾವುದೋ ಒಂದು ಅಲ್ಲಿ ಕೂತಿದ್ದರೆ ಎಷ್ಟು ಬ್ಯಾಕ್‌ಕ್ರಾಸ್ ಮಾಡಿದರೂ ಹೋಗುವುದಿಲ್ಲ.

ಇಲ್ಲಿ ಡಿಎನ್‌ಎ ಗುರುತುಗಳು ಕೈಹಿಡಿದವು, ಅಂದರೆ ಯಾವ ತುಂಡು ಯಾವ ತಳಿಯದು ಎಂದು ತೋರಿಸುವ ಗುರುತುಗಳು. ಸಸಿಯ ಒಂದು ತುಂಡು ಗರಿ ಸಾಕು. ಅದರ ಡಿಎನ್‌ಎ ತೆಗೆದು ಮೂರು ಪ್ರಶ್ನೆ ಕೇಳಬಹುದು. ಸಬ್1 ಬಂದಿದೆಯಾ? ಅದರ ಎಡಕ್ಕೂ ಬಲಕ್ಕೂ ಹತ್ತಿರದಲ್ಲೇ ಸ್ವರ್ಣದ ತುಂಡು ಶುರುವಾಗಿದೆಯಾ? ಉಳಿದ ಹನ್ನೊಂದು ವರ್ಣತಂತುಗಳಲ್ಲಿ ಸ್ವರ್ಣ ಎಷ್ಟು ತುಂಬಿದೆ? ಮೊದಲ ಪ್ರಶ್ನೆಗೆ ಅರ್ಧ ಗಿಡಗಳು ಹೌದು ಅನ್ನುತ್ತವೆ. ಎರಡನೆಯದಕ್ಕೆ ನೂರರಲ್ಲಿ ಬೆರಳೆಣಿಕೆಯವು ಮಾತ್ರ. ಒಂದೇ ತಲೆಮಾರಿನಲ್ಲಿ ಎರಡೂ ಕಡೆ ಹತ್ತಿರದಲ್ಲೇ ಕತ್ತರಿಸಿಕೊಂಡ ಗಿಡ ಸಿಗುವುದು ತೀರಾ ಅಪರೂಪ. ಅದಕ್ಕೇ ಒಂದು ತಲೆಮಾರಿನಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ ಎಂದು ಹುಡುಕಿದರು. ನೂರಾರು ಸಸಿಗಳನ್ನು ಹೀಗೆ ಜರಡಿ ಹಿಡಿದರು. ನನಗೆ ಇಡೀ ಪ್ರಕರಣದ ಜೀವ ಈ ಎರಡನೇ ಪ್ರಶ್ನೆಯಲ್ಲೇ ಇದೆ ಅನ್ನಿಸುತ್ತದೆ.

2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಮೂರು ಬ್ಯಾಕ್‌ಕ್ರಾಸಿನ ನಂತರ ಸಿಕ್ಕ ಗಿಡದಲ್ಲಿ ಸಬ್1 ಸುತ್ತಲಿನ 23ರಿಂದ 34 ಲಕ್ಷ ಡಿಎನ್‌ಎ ಅಕ್ಷರಗಳ ತುಣುಕು ಮಾತ್ರ ಹೊರಗಿನದು. ಭತ್ತದ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಒಟ್ಟು ಸುಮಾರು 39 ಕೋಟಿ ಅಕ್ಷರ. ಅಂದರೆ ಒಂದು ಶೇಕಡಾಕ್ಕೂ ಕಮ್ಮಿ. ಕೆಲಸಕ್ಕೆ ಹಿಡಿದದ್ದು ಎರಡರಿಂದ ಮೂರು ವರ್ಷ. ಇದು ಕುಲಾಂತರಿ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಭತ್ತಕ್ಕೆ ಭತ್ತದ ಪರಾಗ ಹಾಕಿ ಪಡೆದ ತಳಿ. ಗುರುತುಗಳು ಆರಿಸಲು ನೆರವಾದವು, ಅಷ್ಟೆ.

ಆ ಸಣ್ಣ ತುಣುಕಿನಲ್ಲೂ ಒಬ್ಬ ಕರೆಯದ ನೆಂಟ ಬಂದೇಬಿಟ್ಟ. ಸ್ವರ್ಣದ ಹೆಸರಿಗೆ ತಕ್ಕ ಹಾಗೆ ಅದರ ಭತ್ತದ ಸಿಪ್ಪೆ ಹೊಂಬಣ್ಣದ್ದು. ಸ್ವರ್ಣ-ಸಬ್1ರ ಸಿಪ್ಪೆ ಒಣಹುಲ್ಲಿನ ಬಣ್ಣದ್ದು. ಸಿಪ್ಪೆಯ ಬಣ್ಣವನ್ನು ತಡೆಯುವ ಒಂದು ಜೀನ್ ಸಬ್1ಗೆ ತೀರಾ ಹತ್ತಿರದಲ್ಲಿದೆ. ಅದು ಜೊತೆಗೇ ಬಂತು. ಎರಡೂ ಭತ್ತವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಬರಿಗಣ್ಣಿಗೇ ಗೊತ್ತಾಗುತ್ತದೆ. ಸಿಪ್ಪೆ ಸುಲಿದ ಮೇಲೆ ಅಕ್ಕಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಈ ನೆಂಟನಿಂದ ಉಪಕಾರವೇ ಆಯಿತು. ಬಿತ್ತನೆ ಬೀಜದಲ್ಲಿ ಹಳೆ ಸ್ವರ್ಣ ಬೆರೆತಿದ್ದರೆ ಹೊಂಬಣ್ಣದ ಕಾಳು ತಾನಾಗಿ ಎದ್ದು ಕಾಣುತ್ತದೆ.

ಗದ್ದೆ ಏನು ಹೇಳಿತು

ಭಾರತದಲ್ಲಿ ಸ್ವರ್ಣ-ಸಬ್1 ಬಿಡುಗಡೆಯಾದದ್ದು 2009ರಲ್ಲಿ. ಬಾಂಗ್ಲಾದೇಶದಲ್ಲಿ ಅದೇ ಭತ್ತ ಬ್ರಿ ಧಾನ್51 ಎಂಬ ಹೆಸರಲ್ಲಿ ಬಂತು.

ಒಡಿಶಾದ ಭದ್ರಕ್ ಮತ್ತು ಬಾಲೇಶ್ವರ ಜಿಲ್ಲೆಗಳ 128 ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಚೀಟಿ ಎತ್ತಿದ ಹಾಗೆ ಆರಿಸಿದ ಅರ್ಧ ಹಳ್ಳಿಗಳ ಕೆಲವು ರೈತರಿಗೆ ಸಣ್ಣ ಬೀಜದ ಚೀಲ ಕೊಟ್ಟರು. 2011ರಲ್ಲಿ ನೆರೆಯೂ ಬಂತು. 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹತ್ತು ದಿನ ಮುಳುಗಿದ ಗದ್ದೆಯಲ್ಲಿ ಸ್ವರ್ಣ-ಸಬ್1 ಇಳುವರಿ ಸ್ವರ್ಣಕ್ಕಿಂತ ಸುಮಾರು 45 ಶೇಕಡಾ ಜಾಸ್ತಿ. ಮುಳುಗದ ಗದ್ದೆಯಲ್ಲಿ ಇಳುವರಿ ಕಮ್ಮಿಯಾಗಲಿಲ್ಲ. ನನಗೆ ಎರಡನೇ ಸಾಲು ಮೊದಲನೆಯದಕ್ಕಿಂತ ದೊಡ್ಡದು.

ಕಮ್ಮಿಯಾಗದೆ ಇರಲು ಎರಡು ಕಾರಣ. ಒಂದು, ಕತ್ತರಿಸುವ ಕೆಲಸ ಅಷ್ಟು ಹತ್ತಿರದಲ್ಲಿ ಆಗಿತ್ತು. ಇನ್ನೊಂದು ಸಬ್1ಎ ಸ್ವಭಾವ. ಗಿಡ ಮುಳುಗಿದಾಗ ಅದು ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಉಳಿದ ದಿನ ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಯಾವಾಗಲೂ ಬೆಳವಣಿಗೆಗೆ ತಡೆ ಹಾಕುವ ಜೀನ್ ಆಗಿದ್ದರೆ ತೆಂಡೆಗೂ ತೆನೆಗೂ ಅದರ ಪೆಟ್ಟು ಬೀಳುತ್ತಿತ್ತು.

ಮುಳುಗಿ ಎದ್ದ ಗದ್ದೆಯಲ್ಲಿ ಇಳುವರಿ ಪೂರ್ತಿ ಉಳಿಯುತ್ತದೆ ಎಂದು ತಿಳಿಯಬಾರದು. ನಾಲ್ಕು ಅಂಕಿಗಳನ್ನು ಮತ್ತೆ ನೋಡಿ. ಹೆಚ್ಚು ಗಿಡ ಬದುಕಿದ್ದರಿಂದ, ಬೇಗ ಹೊಸ ತೆಂಡೆ ಒಡೆದದ್ದರಿಂದ ತೆನೆಯ ಸಂಖ್ಯೆ ಉಳಿಯುತ್ತದೆ. ದೊಡ್ಡ ಲಾಭ ಅಲ್ಲಿಯದು. ಆದರೆ ಹೂ ಬಿಡುವುದು ತಡವಾಗುತ್ತದೆ. ತಡವಾಗಿ ಬಂದ ತೆಂಡೆಗಳ ತೆನೆ ಚಿಕ್ಕದು, ಜೊಳ್ಳು ಜಾಸ್ತಿ. ನೀರು ಇಳಿದು ಐದಾರು ದಿನ ಬಿಟ್ಟು, ಹೊಸ ಗರಿ ಕಂಡ ಮೇಲೆ ಸಾರಜನಕ ಕೊಟ್ಟರೆ ಈ ನಷ್ಟ ಒಂದಿಷ್ಟು ಕಮ್ಮಿಯಾಗುತ್ತದೆ. ಇಳಿದ ದಿನವೇ ಹಾಕಿದರೆ ಸುಸ್ತಾದ ಗಿಡಕ್ಕೆ ಅದನ್ನು ಹೀರಲು ಶಕ್ತಿ ಇರುವುದಿಲ್ಲ.

ಅದೇ ಅಧ್ಯಯನದ ಇನ್ನೊಂದು ಮಾತು ಮನಸ್ಸಿಗೆ ನಾಟುತ್ತದೆ. ಹೆಚ್ಚು ಮುಳುಗುವ ತಗ್ಗು ಗದ್ದೆಗಳು ಪರಿಶಿಷ್ಟ ಜಾತಿಯ ರೈತರ ಕೈಯಲ್ಲೇ ಜಾಸ್ತಿ ಇದ್ದವು. ಒಳ್ಳೆ ಎತ್ತರದ ನೆಲ ಬೇರೆಯವರಿಗೆ, ನೀರು ನಿಲ್ಲುವ ನೆಲ ಇವರಿಗೆ ಎಂದು ಬಂದ ಹಳೆ ಅನ್ಯಾಯ ಅದು. ಹಾಗಾಗಿ ಈ ಬೀಜದ ಲಾಭ ಅವರಿಗೇ ಹೆಚ್ಚು ತಲುಪಬಹುದಿತ್ತು. ಮುಂದಿನ ವರ್ಷಗಳಲ್ಲಿ, ಬೆಳೆ ಹೋಗುವ ಭಯ ಕಮ್ಮಿಯಾದ ರೈತರು ಗೊಬ್ಬರಕ್ಕೆ ಹೆಚ್ಚು ಖರ್ಚು ಮಾಡಿದ್ದೂ, ಚೆಲ್ಲು ಬಿತ್ತನೆ ಬಿಟ್ಟು ನಾಟಿಗೆ ತಿರುಗಿದ್ದೂ ಕಂಡುಬಂತು. ಗಿಡದ ಜೀನ್ ಮುಟ್ಟದ ಇಳುವರಿಯನ್ನು ರೈತರ ಧೈರ್ಯ ಮುಟ್ಟಿತು.

ಸಬ್1 ಮಾಡಲಾಗದ್ದು

ಎರಡು ವಾರ ದಾಟಿದರೆ ಸ್ವರ್ಣ-ಸಬ್1 ಕೂಡ ಸೋಲುತ್ತದೆ. ಹೂ ಬಿಡುವಾಗ ಮುಳುಗಿದರೆ ಪ್ರಯೋಜನ ಇಲ್ಲ. ಬಿತ್ತಿದ ಬೀಜ ಮೊಳೆಯುವ ಮೊದಲೇ ನೀರು ನಿಂತರೂ ಅಷ್ಟೆ. ಅದಕ್ಕೆ ಬೇರೆ ಜೀನ್ ಬೇಕು. ಬರ್ಮಾದ ಖಾವ್ ಹ್ಲಾನ್ ಆನ್ ಎಂಬ ಭತ್ತದಿಂದ ಸಿಕ್ಕ ಟಿಪಿಪಿ7 ಎಂಬ ಜೀನ್ ಅಂಥದ್ದು.

ಇನ್ನೂ ಕಷ್ಟದ್ದು ಮೊಣಕಾಲುದ್ದ ನೀರು ವಾರಗಟ್ಟಲೆ, ತಿಂಗಳುಗಟ್ಟಲೆ ಇಳಿಯದೆ ನಿಲ್ಲುವ ಗದ್ದೆ. ಅಲ್ಲಿ ಗಿಡ ಒಂದಿಷ್ಟು ಉದ್ದ ಬೆಳೆಯಲೇಬೇಕು. ಸಬ್1 ಕಲಿಸುವುದು ಬೆಳೆಯದೆ ಇರುವುದನ್ನು. ಆಳ ನೀರಿನ ಭತ್ತದಲ್ಲಿ ಇದಕ್ಕೆ ಉಲ್ಟಾ ಕೆಲಸ ಮಾಡುವ ಸ್ನಾರ್ಕೆಲ್ ಜೀನ್‌ಗಳಿವೆ ಎಂದು 2009ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಅವೂ ಸಬ್1ಎ ಮನೆತನದವೇ, ಎಥಿಲೀನ್ ಸುದ್ದಿಗೇ ಎದ್ದೇಳುವಂಥವು. ಆದರೆ ಅವು ಗಿಡವನ್ನು ಮೀಟರುಗಟ್ಟಲೆ ಉದ್ದಕ್ಕೆ ಓಡಿಸುತ್ತವೆ. ಅಷ್ಟು ಉದ್ದದ ಕಾಂಡದ ಮೇಲೆ ಒಳ್ಳೆ ಇಳುವರಿ ನಿಲ್ಲುವುದು ಕಷ್ಟ.

ಎತ್ತರದ ಈ ಜಗಳದ ಬೇರು ಹಸಿರು ಕ್ರಾಂತಿಯಲ್ಲಿದೆ. 1966ರ ಐಆರ್8 ತಳಿಯಲ್ಲಿ ಭತ್ತವನ್ನು ಕುಳ್ಳಾಗಿಸಿ ಇಳುವರಿ ಏರಿಸಿದ ಜೀನ್ ಎಸ್‌ಡಿ1. ಅದು ಒಂದನೇ ವರ್ಣತಂತುವಿನಲ್ಲಿದೆ. ಅದರ ಪಕ್ಕದಲ್ಲೇ ಬರ ತಾಳುವ ಗುಣದ ಒಂದು ಜಾಗವೂ ಇದೆ. ಉದ್ದದ ಸ್ಥಳೀಯ ತಳಿಗಳಲ್ಲಿ ಬರ ತಾಳುವ ರೂಪ ಇತ್ತು. ಕುಳ್ಳ ಗುಣವನ್ನು ಆರಿಸಿದಾಗ ಪಕ್ಕದ ಬರ ತಾಳದ ರೂಪ ಜೊತೆಗೇ ಬಂತು. ಸಿಪ್ಪೆಯ ಬಣ್ಣ ಬಂದ ಹಾಗೇ, ಆದರೆ ಯಾರ ಕಣ್ಣಿಗೂ ಕಾಣದೆ. ದಶಕಗಳ ನಂತರ ಆ ಜೋಡಿಯನ್ನು ಬಿಡಿಸಿ, ಕುಳ್ಳ ಗಿಡದಲ್ಲೇ ಬರ ತಾಳುವ ರೂಪ ಕೂರಿಸಿದರು. ಅದೇ ಕತ್ತರಿಸುವ ಕೆಲಸ, ಅದೇ ಅಕ್ಕಪಕ್ಕದ ಗುರುತುಗಳು. ಕಟಕ್‌ನ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಬಂದ ಸಿಆರ್ ಧಾನ್ 801 ಮತ್ತು 802 ತಳಿಗಳಲ್ಲಿ ಸಬ್1 ಮತ್ತು ಬರ ತಾಳುವ ಜಾಗಗಳು ಒಟ್ಟಿಗಿವೆ. ಒಂದೇ ಹಂಗಾಮಿನಲ್ಲಿ ಆಗಸ್ಟಿನಲ್ಲಿ ಮುಳುಗಿ, ಅಕ್ಟೋಬರಿನಲ್ಲಿ ತೆನೆ ತುಂಬುವ ಹೊತ್ತಿಗೆ ಬಿರುಕು ಬಿಡುವ ಗದ್ದೆಗಳಿಗೆ ಬೇಕಾದ ಭತ್ತ ಅದು.